ಸೀಸವಿಲ್ಲದ ಪದರ

ಸೋಲಾರ್ ಪ್ಯಾನೆಲ್ಲಿಗೆ ಬೆಳಕು ಹೀರುವ ಪದರವನ್ನು ಸೀಸವಿಲ್ಲದೆ ಮಾಡುವುದು ನನ್ನ ಕೆಲಸ. ಪೆರೋವ್‌ಸ್ಕೈಟ್ ಅಂತ ಅದರ ಹೆಸರು. ಎಲ್ಲರೂ ಸೀಸ ಹಾಕಿಯೇ ಮಾಡುತ್ತಾರೆ, ಚೆನ್ನಾಗಿಯೇ ಬರುತ್ತದೆ. ಆದರೆ ಸೀಸ ಮಕ್ಕಳ ಬುದ್ಧಿಯನ್ನೇ ತಿನ್ನುವ ವಿಷ. ಒಡೆದ ಸೋಲಾರ್ ಪ್ಯಾನೆಲ್ಲಿನಿಂದ ಅದು ಹೊಲಕ್ಕೆ, ಬಾವಿಗೆ ಇಳಿಯಬಾರದು ಅಂತ ನಾನು ಸೀಸದ ಬದಲು ತವರದ ಬೆನ್ನು ಹತ್ತಿದೆ. ಸಾಕುಸಾಕಾಯಿತು. ಪರೀಕ್ಷೆಗೆ ಕಳಿಸಿದಾಗಲೆಲ್ಲ ನನ್ನ ಪದರದಲ್ಲೂ ಸೀಸ ಸಿಗುತ್ತಿತ್ತು.

"ದಾನೇಶ್ವರಿ, ಇನ್ನೊಂದ್ಸಲ ಸೀಸ ಬಂದ್ರೆ ವಿಷಯ ಬದಲಾಯಿಸ್ಬುಡಮ್ಮ," ಎಂದರು ನನ್ನ ಪಿಎಚ್‌ಡಿ ಗೈಡ್ ನೀಲಕಂಠಸ್ವಾಮಿ. ಬೈಯಲಿಲ್ಲ. ಬೈದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಗುಂಡ್ಲುಪೇಟೆಯ ಮನೆಯಿಂದ ಚಾಮರಾಜನಗರದ ಲ್ಯಾಬಿಗೆ ದಿನಾ ಬಸ್ಸು. ಹೊರಡುವಾಗ ಮಗಳು ಪವಿತ್ರ ಮಲಗಿರುತ್ತಾಳೆ, ಮರಳುವಾಗಲೂ ಮಲಗಿರುತ್ತಾಳೆ. ನನ್ನ ಅವ್ವ ಕರಿಬಸಮ್ಮನೇ ಅವಳಿಗೂ ತಾಯಿ. ರಾಸಾಯನಿಕ ಬದಲಾಯಿಸಿದೆ, ನೀರು ಬದಲಾಯಿಸಿದೆ, ಗಾಜನ್ನೂ ಬದಲಾಯಿಸಿದೆ. ಸೀಸ ಜಗ್ಗಲಿಲ್ಲ.

ಇವತ್ತು ಸುಸ್ತಾಗಿ, ಪದರ ತಯಾರಿಸುವ ಪೆಟ್ಟಿಗೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಹಿಡಿಯ ಮೇಲೆ ಕುಂಕುಮ. ಆಯುಧಪೂಜೆಗೆಂದು ಅವ್ವ ಕಟ್ಟಿಕೊಟ್ಟದ್ದು, ಹಚ್ಚಿದವಳು ನಾನೇ. ಆ ಹಿಡಿ ಮುಟ್ಟಿದ ಕೈಗವಸಿನಲ್ಲೇ ಪದರ ಹಚ್ಚುವ ಗಾಜಿನ ತುಂಡುಗಳನ್ನು ಎತ್ತಿ ಒಳಗಿಡುತ್ತಿದ್ದೆ. ಅನುಮಾನ ಬಂದು ಕುಂಕುಮ ಕೆರೆದು, ಆಮ್ಲದಲ್ಲಿ ಕರಗಿಸಿ, ಸೋಸಿ, ಸೀಸವಿದ್ದರೆ ಹಳದಿಯಾಗುವ ಅಯೋಡೈಡ್ ಹನಿಸಿದೆ. ಹಳದಿ ಪುಡಿ ತಳಕ್ಕಿಳಿಯಿತು. ಸೀಸವೇ. ಬಣ್ಣ ಕೆಂಪಾಗಲೆಂದು ಕುಂಕುಮ ಮಾಡುವವರು ಯಾರೋ ಬೆರೆಸಿದ್ದು.

"ಕಳ್ಳ ಸಿಕ್ಕಿದ್ನಲ್ಲ, ಒರೆಸಿ ಹೊಸದು ಮಾಡಮ್ಮ. ವಿಷಯ ಉಳೀತು," ಎಂದರು ಗೈಡ್. ಖುಷಿಗೆ ಅಳು ಬಂತು. ಮನೆಗೆ ಫೋನ್ ಮಾಡಿದೆ.

"ಕೆಲ್ಸ ಉಳೀತು ಕಣವ್ವ."

"ನಾ ಕೊಟ್ಟ ಕುಂಕ್ಮ ಕೈ ಬುಡ್ನಿಲ್ಲ ನೋಡು," ಎಂದಳು ಅವ್ವ. "ಮಗಿನ್ ಹಣೆಗೂ ದಿನಾ ಇಕ್ತೀನಲ್ಲ. ಈಗ್ಲೂ ಕುಂಕ್ಮದ ಭರಣಿ ಇಡ್ಕೊಂಡು ಬೆರ್ಳು ಚೀಪ್ಕೊಂಡು ಕುಂತವ್ಳೆ."

ಕೂಗಿಕೊಂಡೆ.

"ಕಿತ್ಕೊ ಅವ್ವ. ಬಾಯಿ ತೊಳ್ಸು. ಅದ್ರಲ್ಲಿ ಸೀಸ ಅದೆ."

ಸೀಸ ಎಂದರೇನೆಂದು ಅವ್ವನಿಗೆ ಗೊತ್ತು. ನನ್ನ ಓದು ಯಾತಕ್ಕೆಂದು ಕೇಳಿದವರಿಗೆಲ್ಲ ಅವಳೇ ಬಿಡಿಸಿ ಹೇಳುತ್ತಿದ್ದಳು. ಮಗು ರಚ್ಚೆ ಹಿಡಿದದ್ದು, ನೀರು ಸುರಿದದ್ದು ಕೇಳಿಸಿತು. ಆಮೇಲೆ ಅವ್ವನ ದನಿ.

"ನಾನೇ ಇಕ್ದೆ ಕಣವ್ವ. ದಿನಾ ನಾನೇ ಇಕ್ದೆ."

ಬಿಡವ್ವ, ನಿನಗೇನು ಗೊತ್ತಿತ್ತು ಎನ್ನಬೇಕಿತ್ತು. ಗೊತ್ತಿರಬೇಕಾಗಿದ್ದವಳು ನಾನು.