ಹಗ್ಗದಾಚೆ ನಿಂತ ಮಗ

ನಿಡಘಟ್ಟದ ಸಣ್ಣತಾಯಮ್ಮನಿಗೆ ಆ ವರ್ಷದ ದೀಪಾವಳಿ ಹಬ್ಬ ಅನ್ನಿಸಲೇ ಇಲ್ಲ. ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬನೇ ಮಗ ಬೋರಯ್ಯ ಬರಲಿಲ್ಲ. ಪಟ್ಟಣದಲ್ಲಿ ಪ್ಲೇಗು ಕಾಣಿಸಿಕೊಂಡಿತ್ತು. ವಿಶ್ವವಿದ್ಯಾನಿಲಯದವರು ಪಾಠ ನಿಲ್ಲಿಸಿ, ಹಾಸ್ಟೆಲ್ಲಿನ ಹುಡುಗರಿಗೆಲ್ಲ ಸೂಜಿಮದ್ದು ಹಾಕಿಸಿ, ಊರಾಚೆ ಬಯಲಿನ ಗುಡಿಸಲುಗಳಲ್ಲಿ ಇರಿಸಿದ್ದರು. ಡಾಕ್ಟರು ಒಪ್ಪುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಮದ್ದೂರಿನ ಕಡೆಯಿಂದ ಬಸ್ಸಿನ ಸದ್ದಾದರೆ ಸಾಕು, ಸಣ್ಣತಾಯಮ್ಮ ಬಾಗಿಲಿಗೆ ಓಡುತ್ತಿದ್ದಳು.

"ನಾನೇ ಓಗಿ ಕರ್ಕೊಂಡ್ ಬತ್ತೀನಿ ಬುಡು," ಎಂದ ಗಂಡ ಅಂಕಯ್ಯ. "ಸೂಜಿ ಚುಚ್ಚಿ ಮಕ್ಳ ಕೂಡಾಕವ್ರೆ. ಮನೇಲಿದ್ರೆ ನಾವು ನೋಡ್ಕೊಳಾಕಿಲ್ವಾ?"

ಪಕ್ಕದ ಮನೆಯ ಹೊಂಬಾಳಮ್ಮ ತಡೆದಳು. "ಅಂಗನ್ಬ್ಯಾಡ ಅಂಕಣ್ಣ. ನಮ್ಮಪ್ಪನೂ ಇಂಗೇ ಅಂದು ನಮ್ಮಣ್ಣನ್ನ ಪ್ಯಾಟೆಯಿಂದ ಕರ್ಕೊಂಡ್ ಬಂದ. ಅವ್ನ ಆಸ್ಗೆ ಜೊತೆ ಪಿಳೇಗೂ ಬಂತು. ಅಣ್ಣನೂ ಉಳೀಲಿಲ್ಲ, ನಮ್ಮವ್ವನೂ ಉಳೀಲಿಲ್ಲ."

ಅಂಕಯ್ಯ ಕೇಳಲಿಲ್ಲ. ಮಗನನ್ನು ಕರೆತರಲೆಂದೇ ಹೆಂಡತಿಯೊಡನೆ ರೈಲು ಹತ್ತಿದ.

ಬಯಲಿನ ಸುತ್ತ ಹಗ್ಗ ಕಟ್ಟಿತ್ತು. ಬೋರಯ್ಯ ಗುಡಿಸಲಿನಿಂದ ಹೊರಗೆ ಬಂದ. ಸ್ವಲ್ಪ ಸೊರಗಿದ್ದ. ತಾಯಿ ಕೈ ಚಾಚಿಕೊಂಡು ಮುಂದೆ ಹೋದಳು.

"ಅಲ್ಲೇ ನಿಂತ್ಕೊಳವ್ವ!" ಅವನು ಹಗ್ಗದಿಂದ ದೂರವೇ ನಿಂತು ಕೂಗಿದ. "ಇಲಿ ಸತ್ರೆ ಅದ್ರ ಮೈಮ್ಯಾಲಿನ ಚಿಗಟ ನಮ್ ಬಟ್ಟೆ, ಆಸ್ಗೆ ಸೇರ್ಕತದೆ. ಅದು ಕಚ್ಚಿದ್ರೆ ಪಿಳೇಗು. ನಂಗೇನೂ ಆಗಿಲ್ಲ. ಆದ್ರೂ ಡಾಕ್ಟ್ರು ಯೋಳೋಗಂಟ ನಾನು ಬರಾಕಿಲ್ಲ. ನಮ್ಮ ಮೇಷ್ಟ್ರೂ ಎಂಡ್ತಿ ಮಕ್ಳ ಬುಟ್ಟು ಇಲ್ಲೇ ಅವ್ರೆ."

"ಒಂದ್ಸಲ ತಲೆ ಸವರ್ತೀನಿ ಕಣಪ್ಪ."

"ಈಗ ಬ್ಯಾಡ ಕಣವ್ವ."

ಸಣ್ಣತಾಯಮ್ಮ ಕಜ್ಜಾಯದ ಗಂಟನ್ನು ಹುಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅಂಕಯ್ಯನಿಗೆ ಹೊಂಬಾಳಮ್ಮ ಹೇಳಿದ್ದು ನೆನಪಾಯಿತು. ಕೊನೆಗೆ, "ಉಸಾರು ಕಣ್ಲಾ. ಅವ್ರು ಯೋಳ್ದಂಗೆ ಕೇಳು," ಎಂದ.

ಹಿಂತಿರುಗುವಾಗ ಇಬ್ಬರೂ ಮದ್ದೂರಿನ ಆಸ್ಪತ್ರೆಯಲ್ಲಿ ಸೂಜಿಮದ್ದು ಹಾಕಿಸಿಕೊಂಡರು. ಮುಂದೆ ಅಟ್ಟದಿಂದ ಇಲಿ ಸತ್ತು ಬಿದ್ದಾಗ ಅಂಕಯ್ಯ ಅದನ್ನು ಮುಟ್ಟಲಿಲ್ಲ. ಪಟೇಲರಿಗೆ ತಿಳಿಸಿ, ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ.

ಸಂಕ್ರಾಂತಿಯ ಹೊತ್ತಿಗೆ ಡಾಕ್ಟರು ಒಪ್ಪಿದರು, ಬೋರಯ್ಯ ಆ ಗುಡಿಸಲಿಗೇ ಬಂದ. ಸಣ್ಣತಾಯಮ್ಮ ಅವನ ತಲೆ, ಕೆನ್ನೆ, ತೋಳು ಸವರಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗನೂ ದೂರದ ಊರಲ್ಲಿ ಓದುತ್ತಿರಬಹುದು. ರೋಗದ ಕಾಲದಲ್ಲಿ ಕಾಲೇಜಿನವರು ತಡೆದರೆ ಅವನನ್ನು ಕದ್ದು ಕರೆತರಬೇಡಿ. ನೀವೂ ಸೂಜಿಮದ್ದು ಹಾಕಿಸಿಕೊಳ್ಳಿ. ಇಲಿ ಸತ್ತರೆ ಮುಚ್ಚಿಡಬೇಡಿ. ಕರುಳು ಎಳೆಯುತ್ತದೆ, ನಿಜ. ಆದರೂ ಕಾಯಿರಿ. ಬರುವವನು ಬದುಕಿ ಬರಲಿ, ದಾರಿ ನೋಡುವವರೂ ಬದುಕಿರಲಿ.