ಬಾಣಂತಿ ಕೋಣೆಯ ಧ್ಯಾನ

ಬೆಳಗಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕುಬೇರಪ್ಪ ಪದ್ಮಾಸನ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟು ನಿದ್ದೆ ಮಾಡುತ್ತಿದ್ದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಅವನ ಹೆಂಡತಿ ಅನ್ನವ್ವನಿಗೆ ಅದು ನಿದ್ದೆಯೇ ಎಂದು ಗೊತ್ತಿತ್ತು. ಮೂವತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಗಂಡನ ಉಸಿರು ಯಾವಾಗ ಭಾರವಾಗುತ್ತದೆಂದು ಯಾರಾದರೂ ಹೇಳಿಕೊಡಬೇಕೆ? ಆದರೆ ಅವನ ಮುಂದೆ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಮೊಬೈಲಿನ ವಿಡಿಯೊ ಕರೆಯೊಳಗಿನ ಇಪ್ಪತ್ತೇಳು ಮಂದಿಗೆ ಗೊತ್ತಿರಲಿಲ್ಲ. ಹಾನಗಲ್ಲಿನ ಬಟ್ಟೆ ಅಂಗಡಿಯವನು, ಹಿರೇಕೆರೂರಿನ ನಿವೃತ್ತ ಮಾಸ್ತರು, ಸವಣೂರಿನ ಗೊಬ್ಬರದ ವ್ಯಾಪಾರಿ, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಚಾದರ ಹೊದ್ದು ಕೂತು ಅವನನ್ನು ನೋಡುತ್ತಿದ್ದರು. ಅವರ ಪಾಲಿಗೆ ಅದು ಸಮಾಧಿ ಸ್ಥಿತಿ.

ಈ ಮಹಾನುಭಾವ ಅಕ್ಕಿಆಲೂರಿನಲ್ಲಿ ಮೂವತ್ತು ವರ್ಷ ರೈಸ್ ಮಿಲ್ ನಡೆಸಿದವನು. ಆ ಮಿಲ್ಲಿನ ಗದ್ದಲಕ್ಕೆ ಓಣಿಯ ಎಷ್ಟು ಕೂಸುಗಳು ಬೆಚ್ಚಿಬಿದ್ದು ಅತ್ತವೋ ಲೆಕ್ಕವಿಲ್ಲ. ಆಗೆಲ್ಲ ಲಿಂಗಪೂಜೆಯನ್ನು ಎರಡು ನಿಮಿಷದಲ್ಲಿ ಮುಗಿಸಿ ಉಪ್ಪಿಟ್ಟಿನ ಮುಂದೆ ಕೂರುತ್ತಿದ್ದ. ಹೋದ ವರ್ಷ ಮಿಲ್ಲನ್ನು ಬೇರೆಯವರಿಗೆ ವಹಿಸಿ, ಯಾವುದೋ ಶಿಬಿರಕ್ಕೆ ಹತ್ತು ದಿನ ಹೋಗಿ, ಬಿಳಿ ಪಂಚೆಯುಟ್ಟು ಮರಳಿ ಬಂದ. ಬಂದವನೇ ಬ್ರಾಹ್ಮೀ ಮುಹೂರ್ತವನ್ನು ತಾನೇ ಕಂಡುಹಿಡಿದವನ ಹಾಗೆ ಆಡತೊಡಗಿದ. ನಾಲ್ಕರಿಂದ ಆರರವರೆಗೆ ಮನೆಯಲ್ಲಿ ಪಾತ್ರೆ ಸಪ್ಪಳವಾಗುವಂತಿಲ್ಲ, ನಲ್ಲಿ ಬಿಡುವಂತಿಲ್ಲ, ಕೆಮ್ಮು ಬಂದರೆ ಹಿತ್ತಲಿಗೆ ಹೋಗಬೇಕು. ಇಷ್ಟೆಲ್ಲ ಮಾಡಿದವನಿಗೆ ತಾನಾಗಿ ಏಳುವುದೊಂದು ಬರಲಿಲ್ಲ! ಮೂರಕ್ಕೆ ಅನ್ನವ್ವ ಎದ್ದು ಹಂಡೆಗೆ ಉರಿ ಹಾಕಬೇಕು, ಮೂರೂವರೆಗೆ ಅವನನ್ನು ಅಲುಗಾಡಿಸಿ ಎಬ್ಬಿಸಬೇಕು, ನೀರು ತೋಡಬೇಕು, ವಿಭೂತಿ ಗಟ್ಟಿ ಮುಂದಿಡಬೇಕು, ಕಡೆಗೆ ಮುಖ ಸರಿಯಾಗಿ ಕಾಣುವಂತೆ ಮೊಬೈಲು ನಿಲ್ಲಿಸಬೇಕು. ಆಮೇಲೆ ಮಹಾಶಯರ ಸಾಧನೆ ಶುರು.

ಅವನು ಕೂತಿದ್ದದ್ದು ಬಾಣಂತಿ ಕೋಣೆಯಲ್ಲಿ. ಬಚ್ಚಲಿಗೆ ಹತ್ತಿಕೊಂಡಿದ್ದ, ಕಿಟಕಿಯಿಲ್ಲದ ಕೋಣೆ. ಹಂಡೆಯ ಒಲೆಗೂ ಅದಕ್ಕೂ ಒಂದೇ ಗೋಡೆಯಾದ್ದರಿಂದ ಎಂಥ ಚಳಿಯಲ್ಲೂ ಬೆಚ್ಚಗಿರುತ್ತದೆ. ಕುಬೇರಪ್ಪನನ್ನು ಅವನ ತಾಯಿ ಹೆತ್ತದ್ದು ಅಲ್ಲಿ. ಅವನ ಅಕ್ಕ ತಂಗಿಯರೆಲ್ಲ ಬಾಣಂತನ ಮಾಡಿಸಿಕೊಂಡು ಕೂಸಿನ ತಲೆಗೆ ಕುಂಚಿಗೆ ಕಟ್ಟಿಕೊಂಡು ಹೊರಬಿದ್ದದ್ದು ಅಲ್ಲಿಂದ. ಈಗ ಅದಕ್ಕೆ ಬಿಳಿ ಬಣ್ಣ ಬಳಿಸಿ, ಬಾಣಂತಿಯರು ಮಲಗುತ್ತಿದ್ದ ಹೊರಸನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಹಾಕಿಸಿದ್ದ. ಆ ಜಾಗದಲ್ಲಿ ಶಕ್ತಿ ಇದೆಯೆಂದು ಬಂದವರಿಗೆಲ್ಲ ಹೇಳುತ್ತಿದ್ದ. ಶಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ, ಮನೆಯಲ್ಲಿ ನಸುಕಿಗೆ ನಡುಗದೆ ಕೂರಬಹುದಾದ ಕೋಣೆ ಅದೊಂದೇ ಆಗಿತ್ತು.

ಇಂಥವನು ಹದಿನೈದು ದಿನದ ಹಿಂದೆ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, ತಲೆಯೆತ್ತದೆ ಹೇಳಿದ್ದ.

"ಅಂಕಿತಾನ ಬಾಣಂತನ ಅಲ್ಲೇ ಶಿಗ್ಗಾಂವಿಯೊಳಗ ಮಾಡ್ಕೊಳ್ಳಾಕ ಹೇಳು ಬೀಗರಿಗೆ."

ಅಂಕಿತಾ ಅವರ ಒಬ್ಬಳೇ ಮಗಳು. ಅವಳಿಗೆ ಒಂಬತ್ತನೇ ತಿಂಗಳು ನಡೆಯುತ್ತಿತ್ತು. ಬೀಗರ ಮನೆಯಲ್ಲಿ ಸೀಮಂತದ ಕುಬಸ ಕಾರ್ಯ ಮುಗಿದು, ತವರಿನವರು ಬಂದು ಕರೆದುಕೊಂಡು ಹೋಗುವುದಷ್ಟೇ ಬಾಕಿ ಇತ್ತು.

"ಚೊಚ್ಚಲ ಬಾಣಂತನ ರೀ! ತವರಿಗೆ ಬರಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ?" ಅನ್ನವ್ವನ ಕೈಯಲ್ಲಿದ್ದ ಪಲ್ಯದ ಸೌಟು ಹಾಗೇ ನಿಂತಿತು.

"ಎರಡನೇ ಮಂಡಲ ಹಿಡಿದೇನಿ ನಾ. ನಲವತ್ತೆಂಟು ದಿನ. ನಡುವ ಕೂಸು ಒದರಾಕ ಹತ್ತಿದ್ರ ಎಲ್ಲಾ ನೀರಾಗ ಹೋಮ ಮಾಡಿದಂಗ. ಮ್ಯಾಲೆ ನಿಮಗ ಅದ ಕೋಣಿ ಬೇಕು."

"ಮಗಳಿಗಿಂತ ಹೆಚ್ಚಾತ ಇದು?"

"ನಿನಗ ತಿಳಿಯಂಗಿಲ್ಲ ಬಿಡು. ಆ ಎರಡು ತಾಸು ನಾ ಈ ಲೋಕದಾಗ ಇರಂಗಿಲ್ಲ. ಮೈಮ್ಯಾಲೆ ಹಾವು ಹರದ್ರೂ ಗೊತ್ತಾಗಂಗಿಲ್ಲ."

ಹಾವು ಹರಿದರೂ ಗೊತ್ತಾಗದವನಿಗೆ ಕೂಸು ಅತ್ತರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವುದಕ್ಕೆ ಅನ್ನವ್ವನ ನಾಲಗೆ ತುರಿಸಿತು. ಸೌಟನ್ನು ಪಲ್ಯದ ಪಾತ್ರೆಗೆ ಇಳಿಸಿದಳು. ಬೀಗತಿ ಶೈಲಶ್ರೀಗೆ ತಾನೇ ಫೋನು ಮಾಡಿ ಹೇಳುವ ಧೈರ್ಯ ಅವನಿಗಿರಲಿಲ್ಲ, ಏಕೆಂದರೆ ದಿನಾ ನಸುಕಿಗೆ ಅವನನ್ನು ಮೊಬೈಲಿನಲ್ಲಿ ನೋಡುವವರಲ್ಲಿ ಆಕೆಯೂ ಒಬ್ಬಳು. ಅವಳೆದುರು ದೊಡ್ಡ ಮನುಷ್ಯನಾಗಿಯೇ ಉಳಿಯಬೇಕು, ಕೆಟ್ಟ ಮಾತು ಮಾತ್ರ ಹೆಂಡತಿಯ ಬಾಯಿಂದ ಹೋಗಬೇಕು. ಎಂಥ ಹೇಡಿಯೊಂದಿಗೆ ಇಷ್ಟು ವರ್ಷ ಬಾಳಿದೆನಲ್ಲ ಎಂದು ಅನ್ನವ್ವನಿಗೆ ಮೈಯೆಲ್ಲ ಉರಿಯಿತು.

ದಿನಾ ಮಧ್ಯಾಹ್ನ ಅಂಕಿತಾಳ ಫೋನು ಬರುತ್ತಿತ್ತು. "ಯವ್ವಾ, ಯಾವಾಗ ಬರ್ತೀರಿ? ಚೀಲ ತುಂಬಿಕೊಂಡು ಕುಂತೇನಿ ನಾ. ನಮ್ಮತ್ತಿ ದಿನಾ ಕೇಳಾಕತ್ತಾರ."

"ಬರ್ತೇವು, ಬರ್ತೇವು," ಎನ್ನುತ್ತಲೇ ಅನ್ನವ್ವ ದಿನ ದೂಡಿದಳು. ಚೊಚ್ಚಲಕ್ಕೆ ತವರು ಬಾಗಿಲು ಹಾಕಿಕೊಂಡಿತು ಅಂತಾದರೆ ಆ ಹುಡುಗಿ ಅತ್ತೆಯ ಮನೆಯಲ್ಲಿ ಸಾಯುವ ತನಕ ತಲೆ ಎತ್ತುವ ಹಾಗಿರಲಿಲ್ಲ. ಶನಿವಾರ ಶೈಲಶ್ರೀಯೇ ಫೋನು ಹಿಡಿದಳು. ಕರೆದುಕೊಂಡು ಬರಲು ಆಗುವುದಿಲ್ಲವೆಂದು ಹೇಳಬೇಕೆಂದೇ ಅನ್ನವ್ವ ಬಾಯಿ ತೆರೆದಳು. ಬಂದ ಮಾತು ಬೇರೆಯಾಗಿತ್ತು.

"ಸೋಮವಾರ ನಸುಕಿನ್ಯಾಗ ನಾಲ್ಕೂವರಿಗೆ ಮನಿ ತುಂಬಿಸಬೇಕಂತ್ರಿ. ಬ್ರಾಹ್ಮೀ ಮುಹೂರ್ತ, ಭಾಳ ಚಲೋ ಅಂತ ಇವರು ಹೇಳ್ಯಾರ. ತ್ರಾಸ ಅನ್ಕೋಬ್ಯಾಡ್ರಿ ಬೀಗತೇರ, ನೀವ ಕರಕೊಂಡ ಬರ್ರಿ."

"ಅಯ್ಯ, ತ್ರಾಸ ಯಾತರದ್ರಿ! ಬೀಗರು ಹೇಳಿದ ಮ್ಯಾಲೆ ಮುಗೀತು," ಎಂದಳು ಶೈಲಶ್ರೀ.

ಆ ಸೋಮವಾರವೇ ಇದು; ಕುಬೇರಪ್ಪ ಕೂತಲ್ಲೇ ನಿದ್ದೆ ಮಾಡುತ್ತಿದ್ದಾಗ ಹೇಳಿದ ಹೊತ್ತಿಗೆ ಕಾರು ಬಂತು. ಅನ್ನವ್ವ ಹೊಸ್ತಿಲಲ್ಲಿ ಮಗಳನ್ನು ನಿಲ್ಲಿಸಿ, ರೊಟ್ಟಿಯ ತುಣುಕು ನಿವಾಳಿಸಿ ಎರಡೂ ಕಡೆ ಒಗೆದು, ಕಾಲಿಗೆ ನೀರು ಹಾಕಿದಳು. ಪಾದಗಳು ಬಾತುಕೊಂಡಿದ್ದವು.

"ಯವ್ವಾ, ಅಪ್ಪ ಕುಂತಿರಬೇಕಲ್ಲ?" ಅಂಕಿತಾ ಪಿಸುಗುಟ್ಟಿದಳು.

"ಕುಂತಾರ. ನೀ ಬಾ."

ಹಿತ್ತಲಲ್ಲಿ ಜಮಾಲಸಾಬ ಹೊರಸು ಒರೆಸಿ ಇಟ್ಟುಕೊಂಡು ನಿಂತಿದ್ದ. ಮಿಲ್ಲಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತವನು, ಹಿತ್ತಲ ಆಚೆಯ ಮನೆಯವನು. ನಮಾಜಿಗೆ ಹೇಗೂ ಏಳುತ್ತಾನೆಂದು ಅನ್ನವ್ವ ಹಿಂದಿನ ದಿನವೇ ಹೇಳಿಟ್ಟಿದ್ದಳು. ಒಂದು ತುದಿ ಅವನು, ಇನ್ನೊಂದು ತುದಿ ಕಾರಿನ ಡ್ರೈವರು ಹಿಡಿದು ತಂದರು. ಕೋಣೆಯ ಬಾಗಿಲಿಗೆ ಬರುತ್ತಲೇ ಜಮಾಲಸಾಬ ನಿಂತುಬಿಟ್ಟ.

"ಅಕ್ಕಾರ, ಒಳಗ ಸಾವ್ಕಾರ್ರು ಅದಾರಲ್ರಿ."

"ಅವರು ಈ ಲೋಕದಾಗಿಲ್ಲ ಜಮಾಲಣ್ಣ. ನೀ ಒಳಗ ತಾ."

ಅನ್ನವ್ವ ಬಾಗಿಲನ್ನು ಪೂರಾ ತೆರೆದಳು. ಹೊರಸಿನ ಕಾಲು ಫರಸಿಗೆ ತಾಗಿ ಕರ್ರೆಂದಿತು. ಕುಬೇರಪ್ಪನ ತಲೆ ಚಕ್ಕನೆ ಮೇಲಕ್ಕೆದ್ದು, ಕುತ್ತಿಗೆ ನೆಟ್ಟಗಾಯಿತು. ಎಚ್ಚರವಾಗಿದ್ದ. ಕಣ್ಣು ಮಾತ್ರ ತೆರೆಯಲಿಲ್ಲ, ಮೊಬೈಲು ಎದುರಿಗೇ ಇತ್ತಲ್ಲ. ಅವರು ಅವನ ಎಡ ಮಗ್ಗುಲಿಗೆ ಹೊರಸು ಹಾಕಿದರು. ಕೋಣೆ ಸಣ್ಣದು, ಅವನ ಮೊಣಕಾಲಿಗೂ ಹೊರಸಿಗೂ ನಡುವೆ ಒಂದು ಗೇಣು ಉಳಿಯಿತು. ಶೈಲಶ್ರೀ ಚಪ್ಪಲಿ ಬಿಟ್ಟು ಬಂದು ಬಾಗಿಲಲ್ಲೇ ಕೈಮುಗಿದು ನಿಂತಳು.

ಅನ್ನವ್ವ ಗಂಡನ ಮುಂದೆ ಬಂದಳು. ದನಿ ತಗ್ಗಿಸಲಿಲ್ಲ.

"ಏನ್ರಿ, ನಿಮ್ಮ ಮಗಳು ಚೊಚ್ಚಲ ಬಾಣಂತನಕ್ಕ ಬಂದಾಳ. ಈ ಕೋಣ್ಯಾಗ ಇರತಾಳ. ಬ್ಯಾಡಂದ್ರ ಈಗ ಬಾಯಿಬಿಟ್ಟು ಹೇಳ್ರಿ. ಕಾರು ಇನ್ನೂ ಬಾಗಿಲಾಗ ನಿಂತೈತಿ."

"ಅನ್ನವ್ವಕ್ಕ, ಸಮಾಧಿಯೊಳಗ ಇದ್ದವರನ್ನ ಯಾಕ ಮಾತಾಡಸ್ತೀರಿ?" ಶೈಲಶ್ರೀ ಗಾಬರಿಯಾದಳು.

ಕುಬೇರಪ್ಪನ ರೆಪ್ಪೆ ಪಟಪಟ ಬಡಿಯಿತು. ಕಣ್ಣು ಬಿಟ್ಟರೆ ಮರ್ಯಾದೆ ಹೋಗುತ್ತದೆ, ಬೇಡ ಎಂದರೆ ಇನ್ನೂ ಹೋಗುತ್ತದೆ, ಸುಮ್ಮನಿದ್ದರೆ ಕೋಣೆ ಹೋಗುತ್ತದೆ. ಸಿಕ್ಕಿಬಿದ್ದಿದ್ದ ಬಡ್ಡಿಮಗ! ಮೊಬೈಲಿನಲ್ಲಿ ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಏಳುತ್ತಿದ್ದವು. ಸವಣೂರಿನವನು 'ಎಂಥಾ ಏಕಾಗ್ರತೆ, ಶರಣು' ಎಂದು ಬರೆದಿದ್ದ. ಅನ್ನವ್ವನಿಗೆ ನಗು ಬರುತ್ತಿತ್ತು, ತಡೆದುಕೊಂಡಳು.

"ಆತು ಬಿಡ್ರಿ," ಎಂದು ಹೊರಸಿನ ಮೇಲೆ ಕೌದಿ ಹಾಸಿದಳು. ಜಮಾಲಸಾಬ ಕುಬೇರಪ್ಪನ ಮುಖವನ್ನೊಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಹೊರಟುಹೋದ. ಶೈಲಶ್ರೀ ಚಹಾಕ್ಕೆಂದು ಅಡುಗೆಮನೆಗೆ ನಡೆದಳು.

ಅಂಕಿತಾ ಮಾತ್ರ ಕೂರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ಯವ್ವಾ, ಅಪ್ಪಗ ನಾ ಬರೂದು ಬ್ಯಾಡಾಗಿತ್ತೇನು?"

ಅನ್ನವ್ವನ ಗೆಲುವೆಲ್ಲ ಅಲ್ಲೇ ಇಳಿದುಹೋಯಿತು. ಸಮಾಧಿಯ ಭಕ್ತಿಯಲ್ಲಿದ್ದ ಬೀಗತಿಗೆ ಆ ಮಾತಿನ ಅರ್ಥ ಹೊಳೆದಿರಲಿಲ್ಲ, ಆದರೆ ಮಗಳ ಕಿವಿಯನ್ನು ಅನ್ನವ್ವ ಮರೆತಿದ್ದಳು.

"ಮಲಕೊ ಮಗಳ. ಕಾಲು ಬಾತಾವು," ಎಂದಳು. ಮಗಳ ಮುಖ ನೋಡಲಾಗದೆ ಹಂಡೆಗೆ ಕಟ್ಟಿಗೆ ಹಾಕುವ ನೆಪದಲ್ಲಿ ಬಚ್ಚಲಿಗೆ ಹೋಗಿ, ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆರು ಹೊಡೆಯಿತು. ಮೊಬೈಲಿನೊಳಗಿನವರು ಶರಣು ಶರಣಾರ್ಥಿ ಎನ್ನುತ್ತ ಒಬ್ಬೊಬ್ಬರೇ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಪರದೆಯೂ ಕಪ್ಪಾಯಿತು. ಕುಬೇರಪ್ಪನನ್ನು ನೋಡುವವರು ಈಗ ಯಾರೂ ಇರಲಿಲ್ಲ, ಮಗಳೊಬ್ಬಳನ್ನು ಬಿಟ್ಟು. ಅಂಕಿತಾ ಮಲಗಿರಲಿಲ್ಲ. ಹೊರಸಿನ ಅಂಚಿಗೆ ಕೂತು, ಗೇಣು ದೂರದಲ್ಲಿದ್ದ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪಾ, ಆರಾತು," ಎಂದಳು.

ಅಡುಗೆಮನೆಯಿಂದ ಪಾತ್ರೆಯ ಸಪ್ಪಳ ಕೇಳುತ್ತಿತ್ತು. ನಲ್ಲಿ ಬಿಟ್ಟಿದ್ದರು. ಕುಬೇರಪ್ಪ ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ.