ಬೆಚ್ಚಗಿನ ತೊಳೆನೀರು

ಮಾಡಿದ ಕೆಲಸದ ಬಗ್ಗೆ ಅವಳಿಗೆ ಅಂಜಿಕೆ ಇರಲಿಲ್ಲ. ಎಲ್ಲರ ಮುಂದೆ ನಗು ಬಂದುಬಿಟ್ಟರೆ ಏನು ಗತಿ ಎಂಬುದೊಂದೇ ಚಿಂತೆ. ಕೈತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು, 'ಹಾಳು ತುಟಿಯೇ, ಇವತ್ತೊಂದು ದಿನ ನನ್ನ ಮಾತು ಕೇಳು' ಎಂದು ಒಳಗೊಳಗೇ ಬೇಡಿಕೊಂಡಳು.

ಪ್ರಯೋಗಾಲಯದಲ್ಲಿ ಅವಳಿಗೆ ಇಲಿಮರಿ ಎಂದೇ ಹೆಸರು. ಇಟ್ಟವಳು ದೊಡ್ಡಪ್ಪನ ಮಗಳು. ಕೆಲಸ ಕೊಡಿಸಿದವಳೂ ಆ ಅಕ್ಕನೇ. ರಕ್ತದ ಕೆಂಪು ಕಣಗಳೊಳಕ್ಕೆ ಸಕ್ಕರೆ ಹೇಗೆ ಹೋಗುತ್ತದೆ ಎಂದು ಅಳೆಯುವುದು ಅಲ್ಲಿನ ಕಸುಬು. ಕಣದ ಸುತ್ತ ತೆಳ್ಳನೆಯ ಪೊರೆ; ಆ ಪೊರೆಯಲ್ಲಿ ಸಕ್ಕರೆಗೆಂದೇ ಬಾಗಿಲುಗಳು. ಹೊರಗೆ ಸಕ್ಕರೆ ಹೆಚ್ಚಿದ್ದರೆ ಒಳಕ್ಕೆ ಬಿಡುತ್ತವೆ, ಒಳಗೆ ಹೆಚ್ಚಾದರೆ ಹೊರಕ್ಕೆ. ತನ್ನವರು ಪರರು ಎಂಬ ಭೇದ ಅವಕ್ಕಿಲ್ಲ.

ಒಂದು ಹೊಸ ಮದ್ದು ಈ ಬಾಗಿಲುಗಳನ್ನು ಮುಚ್ಚಿಸುತ್ತದೆ ಎಂದು ಕಂಡುಹಿಡಿದವಳು ಇಲಿಮರಿ. ಮೇಲಿನವರೆದುರು ನಾಲಿಗೆ ಏಳದೆ ಅಕ್ಕನ ಕಿವಿಗೆ ಹಾಕಿದಳು. ಅಕ್ಕ ಮುಂದಿನ ಸಭೆಯಲ್ಲೇ ಅದನ್ನು ತನ್ನದೆಂದು ಹೇಳಿಕೊಂಡಳು, ಅದೂ ಇವಳ ಪಕ್ಕದಲ್ಲೇ ನಿಂತು!

"ನೀನಂತೂ ಬಾಯಿ ಬಿಡೋಳಲ್ಲ. ಯಾರಾದ್ರೂ ಹೇಳ್ಬೇಕಲ್ಲ ಕಣೇ?" ಎಂದು ಆಮೇಲೆ ಕೆನ್ನೆ ಹಿಂಡಿದಳು.

ಅಮ್ಮನ ಹತ್ತಿರ ಗೋಳು ತೋಡಿಕೊಂಡರೆ ಅಲ್ಲೂ ಅದೇ ರಾಗ. "ಉಂಡ ಮನೆಗೆ ಎರಡು ಬಗೀಬೇಡ. ಅವಳಿಲ್ದಿದ್ರೆ ನಿನ್ನನ್ನ ಯಾರು ಮೂಸಿ ನೋಡ್ತಿದ್ರು?"

ಇಲಿಮರಿ ಮರುದಿನವೂ ಕೆಲಸಕ್ಕೆ ಹೋದಳು. ಕಿಚ್ಚು ಮಾತ್ರ ಆರಲಿಲ್ಲ.

ಇವತ್ತು ಹೊರಗಿನ ತಜ್ಞರು ಬಂದಿದ್ದರು. ಅವರ ಕಣ್ಣೆದುರೇ ಮಾಡಿ ತೋರಿಸಿದರೆ ಮದ್ದಿನ ಕೆಲಸಕ್ಕೆಲ್ಲ ಅಕ್ಕನೇ ಯಜಮಾನಿ. ಕಣಗಳಿಗೆ ಸಕ್ಕರೆ ಕೊಟ್ಟ ಮೇಲೆ ಮಂಜುಗಡ್ಡೆಯಲ್ಲಿಟ್ಟ ಉಪ್ಪುನೀರಿನಿಂದ ತೊಳೆಯಬೇಕು. ಆ ಚಳಿಗೆ ಬಾಗಿಲುಗಳು ಮರಗಟ್ಟಿ, ಒಳಗೆ ಹೋದ ಸಕ್ಕರೆ ಒಳಗೇ ಉಳಿಯುತ್ತದೆ. ನೀರು ಬೆಚ್ಚಗಿದ್ದರೆ ಸಕ್ಕರೆ ಬಂದ ದಾರಿಯಲ್ಲೇ ಹೊರಬಿದ್ದು ತೊಳೆನೀರಿನ ಜೊತೆ ಹೋಗುತ್ತದೆ. ಇಲಿಮರಿ ತಣ್ಣನೆಯ ಬಾಟಲಿಯನ್ನು ಬರಿದುಮಾಡಿ, ಬೆಚ್ಚಗಿನ ಉಪ್ಪುನೀರು ತುಂಬಿ, ತೊಳೆಯುವ ಹೊತ್ತಿಗೆ ಆರದಿರಲೆಂದು ಕೊನೆಯ ಗಳಿಗೆಯಲ್ಲಿ ಮಂಜುಗಡ್ಡೆಯ ನಡುವೆ ಸಿಕ್ಕಿಸಿಟ್ಟಿದ್ದಳು. ದಪ್ಪ ಕೈಗವಸು ತೊಟ್ಟ ಅಕ್ಕನಿಗೆ ಅದು ತಿಳಿಯುವುದುಂಟೆ?

ಅಕ್ಕ ಚೆನ್ನಾಗಿ ವಿವರಿಸಿದಳು, ಚೆನ್ನಾಗಿಯೇ ತೊಳೆದಳು. ಕೊನೆಗೆ ಕಣಗಳನ್ನು ಒಡೆದು, ರಕ್ತದ ಬಣ್ಣ ತೆಗೆದು, ಸಕ್ಕರೆ ಇದ್ದಷ್ಟೂ ಕೆಂಪೇರುವ ದ್ರವವನ್ನು ಎರಡು ಕೊಳವೆಗಳಿಗೆ ಹಾಕಿದಳು. ಮದ್ದಿಲ್ಲದ ಕೊಳವೆ ಗಾಢ ಕೆಂಪಾಗಬೇಕಿತ್ತು, ಮದ್ದು ಹಾಕಿದ್ದು ಪೇಲವವಾಗಿ ಉಳಿಯಬೇಕಿತ್ತು. ಎರಡೂ ಪೇಲವವಾಗಿ ನಿಂತವು.

ಹಿರಿಯ ತಜ್ಞರು ಕೊಳವೆಗಳನ್ನು ಬೆಳಕಿಗೆ ಹಿಡಿದರು. "ಮದ್ದು ಹಾಕಿದ್ದು ಯಾವ್ದಮ್ಮಾ ಇದ್ರಲ್ಲಿ? ಒಳ್ಳೆ ಅವಳಿಜವಳಿ ಥರ ಇವೆಯಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಇಲಿಮರಿಯ ತುಟಿ ಮಾತು ಕೇಳಿತು. ಅಕ್ಕನ ಕುತ್ತಿಗೆ ಕೆಂಪೇರುವುದನ್ನು ಅವಳು ಹಬೆಯಾಡುವ ಅನ್ನ ನೋಡುವ ಹಸಿದವಳಂತೆ ನೋಡಿದಳು.

"ಈ ಮದ್ದಿನ ಕಥೆ ಇಲ್ಲಿಗೇ ಮುಗೀತು ಅನ್ಕೊಳ್ಳಿ" ಎಂದರು ಮೇಲಿನವರು, ಹೊರಡುತ್ತ. ಮುಗಿದದ್ದು ತಾನು ಕಂಡುಹಿಡಿದದ್ದೇ ಎಂಬುದು ಅವಳಿಗೆ ಗೊತ್ತಿತ್ತು. ಮುಗಿಯಲಿ.

ಕೋಣೆ ಖಾಲಿಯಾಯಿತು. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೈಗವಸು ಕಿತ್ತೆಸೆದಳು.

"ರಕ್ತ ಹಳೇದಾಗಿತ್ತೇನೋ. ನನ್ನ ಹಣೇಬರಹ, ಬಿಡು." ಇವಳ ಕೈ ಎಳೆದುಕೊಂಡು ಸವರಿದಳು. "ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯೇ? ಪಾಪ, ನಿಂದೇನು ತಪ್ಪಿದೆ ಇದ್ರಲ್ಲಿ? ನಿನ್ ಕೈಲಿ ಏನಾಗತ್ತೆ!"

ಇಲಿಮರಿಗೆ ಮೈಯೆಲ್ಲ ಉರಿದುಹೋಯಿತು. ಏಟು ಸರಿಯಾಗಿಯೇ ಬಿದ್ದಿತ್ತು. ಆದರೆ ಹೊಡೆಸಿಕೊಂಡವಳು ವಿಧಿಯನ್ನು ಬೈಯುತ್ತ ಕೂತಿದ್ದಳು, ಹೊಡೆದವಳಿಗೇ ಪಾಪ ಅನ್ನುತ್ತಿದ್ದಳು. ಇವತ್ತೂ ತಾನು ಲೆಕ್ಕಕ್ಕಿಲ್ಲ. ಇದಕ್ಕಾಗಿಯೇ ಇಷ್ಟು ದಿನ ಹಲ್ಲು ಕಚ್ಚಿದ್ದೇ?

ಕೈ ಬಿಡಿಸಿಕೊಂಡಳು.

"ರಕ್ತ ಚೆನ್ನಾಗೇ ಇತ್ತು ಅಕ್ಕ. ಬಾಟ್ಲಿಗೆ ಬೆಚ್ಚಗಿನ ನೀರು ತುಂಬಿಟ್ಟೋಳು ನಾನು."